ಚಿಗುಸಾಳ ಪೆಟ್ಟಿಗೆಯಲ್ಲಿ ಇನ್ನೊಬ್ಬಳ ಸ್ವರ

ಮೊನೊರೈಲಿನಲ್ಲಿ ಸೀಟು ಖಾಲಿಯಿದ್ದರೂ ಚಿಗುಸಾ ಕೂರುತ್ತಿರಲಿಲ್ಲ. ಕೂತರೆ ಆಂಪ್ ಒಂಟಿಯಾಗುತ್ತದೆ. ಕೊನೆಯ ಡಬ್ಬಿಯ ಬಾಗಿಲ ಮೂಲೆಯಲ್ಲಿ ಗಾಲಿಬಂಡಿಯನ್ನು ಗೋಡೆಗೆ ಒತ್ತಿ, ಅದು ಉರುಳದಂತೆ ಒಂದು ಕಾಲು ಅಡ್ಡ ಕೊಟ್ಟು, ಬೆನ್ನ ಮೇಲೆ ಬೇಸ್ ಗಿಟಾರ್ ಏರಿಸಿಕೊಂಡು, ಯಾರ ಮುಖವನ್ನೂ ನೋಡದೆ ನಿಲ್ಲುವುದು ಅವಳ ಭಾನುವಾರಗಳ ವ್ರತವಾಗಿಬಿಟ್ಟಿತ್ತು. ಕೊಕುರಾ ಊರಿನ ಮುದುಕಿಯರು ಆ ಕರಿ ಪೆಟ್ಟಿಗೆಯನ್ನು ನೋಡಿ, "ಏನಮ್ಮಾ ಅದು, ಫ್ರಿಜ್ಜಾ?" ಎಂದು ಕೇಳುವರು. ಅವಳು ಕಿವಿಯವರೆಗೂ ಕೆಂಪಾಗಿ, "ಅಲ್ಲ, ಬೇಸ್ ಆಂಪು" ಎನ್ನುವಳು. ಕೇಳಿದವರಿಗೆ ಫ್ರಿಜ್ಜೇ ಆಗಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತೋ ಏನೋ.

ಅದು ಸದ್ದು ಹೆಚ್ಚಿಸುವ ಆಂಪೂ ಸ್ಪೀಕರೂ ಒಂದರಲ್ಲೇ ಇರುವ ಪೆಟ್ಟಿಗೆ. ಒಳಗೆ ಗಾಜಿನ ವಾಲ್ವುಗಳಿಲ್ಲ, ಎಲ್ಲ ಟ್ರಾನ್ಸಿಸ್ಟರು. ಕಾಲೇಜಿನ ಸಂಗೀತ ಕೂಟದ ಹುಡುಗರು ಇಂಥದ್ದನ್ನು ಕಂಡರೆ ಮೂಗು ಮುರಿಯುತ್ತಿದ್ದರು. ವಾಲ್ವಿನದಕ್ಕೆ ಜೀವ ಇರುತ್ತದೆ, ಬಿಸಿಯಾಗುತ್ತ ಆಗುತ್ತ ಅದರ ಸ್ವರ ಹಣ್ಣಾಗುತ್ತದೆ, ಇದೋ ಅಕ್ಕಿ ಬೇಯಿಸುವ ಕುಕ್ಕರಿನಂತೆ ಎಂದು ಅವರ ವಾದ. ಚಿಗುಸಾ ಎದುರು ಮಾತಾಡುತ್ತಿರಲಿಲ್ಲ. ಅವಳಿಗೆ ಇಷ್ಟವಾಗಿದ್ದೇ ಅದು. ಗುಂಡಿ ಒತ್ತಿದ ಗಳಿಗೆಯಿಂದ ಕೊನೆಯವರೆಗೂ ಅದು ಒಂದೇ ತರ. ಚಳಿಗಾಲಕ್ಕೊಂದು ಮಳೆಗಾಲಕ್ಕೊಂದು ಎಂದು ಮುಖ ಬದಲಿಸುವುದಿಲ್ಲ, ಕೊಟ್ಟಷ್ಟನ್ನೇ ದೊಡ್ಡದು ಮಾಡಿ ಹೇಳುತ್ತದೆ. ಹಳೇ ಸಾಮಾನಿನ ಅಂಗಡಿಯಲ್ಲಿ ಧೂಳು ತಿನ್ನುತ್ತಿದ್ದುದನ್ನು ತಂದು, ಒದ್ದೆ ಬಟ್ಟೆಯಲ್ಲಿ ಒರೆಸಿ, ತನ್ನ ಒಂದೇ ಕೋಣೆಯ ಮನೆಯಲ್ಲಿ ಹಾಸಿಗೆಯ ಪಕ್ಕ ಇಟ್ಟುಕೊಂಡಳು. ಹಗಲು ಕನ್ನಡಕದ ಅಂಗಡಿಯ ಕೆಲಸ, ಬಂದ ಮೇಲೆ ಇದು. ಅವಳ ಬ್ಯಾಂಡಿನ ಡ್ರಮ್ಮರ್ ಇಸಾಕು ಅದಕ್ಕೆ ‘ಚಿಗುಸಾಳ ಯಜಮಾನ್ರು’ ಎಂದೇ ಹೆಸರಿಟ್ಟಿದ್ದ.

ಸಾಮಾನ್ಯವಾಗಿ ಬೇಸ್ ನುಡಿಸುವವರು ಯಾರೂ ಆಂಪ್ ಹೊತ್ತು ತಿರುಗುವುದಿಲ್ಲ. ಶೋ ನಡೆಯುವ ಕಡೆ ಇದ್ದೇ ಇರುತ್ತದೆ. ಆದರೆ ಅವಳ ಬ್ಯಾಂಡಿನವರು ಹೆಚ್ಚಾಗಿ ನುಡಿಸುತ್ತಿದ್ದುದು ‘ತೊಮಾರಿಗಿ’ಯಲ್ಲಿ. ಅದು ಮೆಟ್ಟಿಲಿಳಿದು ಹೋಗಬೇಕಾದ ನೆಲಮಾಳಿಗೆಯ ಕಾಫಿ ಅಂಗಡಿ. ಅಲ್ಲಿ ಡ್ರಮ್ ಇತ್ತು, ಗಿಟಾರಿಗೆ ಆಂಪ್ ಇತ್ತು, ಬೇಸ್‌ಗೆ ಇರಲಿಲ್ಲ. ಹೀಗಾಗಿ ಚಿಗುಸಾಳದೇ ಅಂಗಡಿಯದ್ದು ಎಂಬಂತಾಗಿ, ಆಯಾ ದಿನ ಅಲ್ಲಿ ನುಡಿಸಲು ಬಂದ ಬ್ಯಾಂಡಿನವರೆಲ್ಲ ಬಗ್ಗಿ ನಮಸ್ಕರಿಸಿ, "ನಿಮ್ಮ ಆಂಪ್ ಬಳಸಿಕೊಳ್ತೀವಿ" ಎಂದು ಅವಳನ್ನು ಕೇಳುತ್ತಿದ್ದರು. ವಾರವಿಡೀ ಯಾರೂ ಏನೂ ಕೇಳದ ಹುಡುಗಿಗೆ ಅದೊಂದು ಸಣ್ಣ ಪಟ್ಟ.

ಆ ಭಾನುವಾರ ಅವಳು ಎಂದಿಗಿಂತ ಹಗುರವಾಗಿದ್ದಳು. ಹಿಂದಿನ ವಾರ ತಮಾಕಿ ಒಂದು ಮಾತು ಹೇಳಿದ್ದಳು. ತಮಾಕಿ ಅವರ ಬ್ಯಾಂಡಿನ ಹಾಡುಗಾರ್ತಿ, ಗಿಟಾರೂ ಅವಳದೇ, ಹಾಡು ಕಟ್ಟುವವಳೂ ಅವಳೇ.

"ಮೇ ರಜೆಯಲ್ಲಿ ಕುಮಾಮೊತೊ, ಕಾಗೊಶಿಮಾ, ನಾಗಾಸಾಕಿ. ಮೂರು ಊರು ಕಣೇ ಚಿಗು. ಡ್ರಮ್ ಬೇಡ, ಇಸಾಕುಗೆ ರಜೆ ಇಲ್ಲ. ನಾನು, ಒಂದು ಬೇಸು. ನನ್ನ ಕಾರಲ್ಲಿ ಇಬ್ಬರು ಕೂತು ಒಂದು ಆಂಪ್ ಇಟ್ರೆ ಮುಗೀತು, ಇನ್ನೊಂದು ಕೊಡೆ ಹಿಡಿಯಲ್ಲ. ಭಾನುವಾರದ ಶೋ ಮುಗೀಲಿ, ಕೂತು ಮಾತಾಡೋಣ."

ಇಬ್ಬರು, ಒಂದು ಆಂಪ್. ಚಿಗುಸಾ ಆ ರಾತ್ರಿಯೇ ಕುಮಾಮೊತೊದ ಹವಾಮಾನ ನೋಡಿದಳು. ಕಾಲೇಜಿನ ಮೊದಲ ವರ್ಷದಲ್ಲಿ ತಮಾಕಿ ಅವಳ ಬೇಸ್ ಕೇಳಿ, "ನೀನು ನುಡಿಸ್ತಿದ್ರೆ ಯಾರೋ ಬೆನ್ನಿಗೆ ಕೈ ಇಟ್ಟು ನಿಂತಂಗೆ ಇರತ್ತೆ" ಎಂದಿದ್ದಳು. ಅಂದಿನಿಂದ ಚಿಗುಸಾ ನುಡಿಸಿದ್ದು ಜನಕ್ಕಲ್ಲ, ಆ ಒಂದು ಬೆನ್ನಿಗೆ. ಕಾರಿನ ಆ ಒಂದು ಸೀಟು ತನ್ನದೋ ಅಲ್ಲವೋ ಎಂದು ಯೋಚಿಸಬೇಕೆಂದೇ ಅವಳಿಗೆ ತೋಚಿರಲಿಲ್ಲ.

ತೊಮಾರಿಗಿಯ ಮೆಟ್ಟಿಲ ಬಳಿ ಇಸಾಕು ಕಾದಿದ್ದ. "ಬಂದ್ರಾ ಯಜಮಾನ್ರು! ಏನು, ಒಂದು ಸುತ್ತು ದಪ್ಪ ಆಗಿದಾರಲ್ಲ? ಚೆನ್ನಾಗಿ ಹಾಕ್ತಿದೀಯಾ ಅನ್ಸತ್ತೆ."

"ಸುಮ್ನೆ ಆ ಕಡೆ ಹಿಡ್ಕೋ."

"ಹಿಡ್ಕೊಂಡೆ ಕಣಮ್ಮಾ. ಅತ್ತಿಗೆ ಹೇಳಿದ ಮೇಲೆ ಇನ್ನೇನು."

ಅಂದು ಎರಡೇ ಬ್ಯಾಂಡು. ಮೊದಲು ಒಂದು ಕಾಲೇಜು ಹುಡುಗರದು, ಆಮೇಲೆ ಇವರದು. ಶೋಗೆ ಮುಂಚಿನ ಅಭ್ಯಾಸ ಮಾತ್ರ ತಲೆಕೆಳಗು: ಕೊನೆಗೆ ನುಡಿಸುವವರು ಮೊದಲು ಅಭ್ಯಾಸ ಮಾಡಬೇಕು, ಮೊದಲು ನುಡಿಸುವವರು ಕೊನೆಗೆ. ಹಾಗಾದರೆ ವೇದಿಕೆಯ ಮೇಲೆ ಎಲ್ಲವೂ ಮೊದಲ ಬ್ಯಾಂಡು ಬಿಟ್ಟುಹೋದ ಹಾಗೇ ಉಳಿದಿರುತ್ತದೆ. ಬಾಗಿಲು ತೆರೆದು ಜನ ಬಂದ ಮೇಲೆ ಅವರು ಬಂದು ತಂತಿ ಮೀಟಿದರೆ ಸಾಕು. ಹೀಗಾಗಿ ಚಿಗುಸಾ ಬೇಗ ನುಡಿಸಿ ಮುಗಿಸಿ, ಅಂಗಡಿಯ ಮಾಲೀಕ ಕುಸುನೋಕಿ ಕೊಟ್ಟ ಕಾಫಿ ಹಿಡಿದು ಹಿಂದಿನ ಬೆಂಚಿನಲ್ಲಿ ಕೂತಳು. ಎಲ್ಲರೂ ಆತನನ್ನು ಮಾಸ್ಟರ್ ಎನ್ನುತ್ತಿದ್ದರು.

ಆ ಹುಡುಗರ ಬ್ಯಾಂಡಿನ ಬೇಸ್‌ನವಳು ಬಂದು ಅವಳೆದುರು ಸೊಂಟ ಮಡಿಸಿ ಬಗ್ಗಿದಳು. ಕತ್ತಿನವರೆಗೆ ಕತ್ತರಿಸಿದ ಕೂದಲು, ತೋಳು ಮುಚ್ಚುವ ದೊಗಲೆ ಅಂಗಿ.

"ನಾನು ಮಾಶಿರೊ. ಚಿಗುಸಾ-ಸಾನ್, ನಿಮ್ಮ ಆಂಪ್ ಬಳಸಿಕೊಳ್ಳಬಹುದಾ? ಗುಂಡಿ ತಿರುಗಿಸಿದ್ರೆ ಬೇಜಾರಿಲ್ವಾ?"

"ಬೇಜಾರೇನು. ಬೇಕಾದ ಹಾಗೆ ತಿರುಗಿಸಿಕೊಳ್ಳಿ."

"ಇದು ನಮ್ಮ ಚಿಕ್ಕಪ್ಪ ಬಿಸಾಕಿದ್ದ ಬೇಸು. ಸ್ವರಾನೇ ಬರಲ್ಲ. ನಿಮ್ಮ ಆಂಪ್‌ಗೆ ಅವಮಾನ ಆದ್ರೆ ಕ್ಷಮಿಸಿ."

ಒಳ್ಳೆ ಹುಡುಗಿ ಎಂದುಕೊಂಡಳು ಚಿಗುಸಾ. ಮಾಶಿರೊ ವೇದಿಕೆ ಹತ್ತಿ ನುಡಿಸತೊಡಗಿ ಎರಡು ನಿಮಿಷ ಕಳೆದಿರಲಿಲ್ಲ, ಕೈಯಲ್ಲಿದ್ದ ಕಾಫಿ ಲೋಟ ಮೊಣಕಾಲ ಮೇಲೆ ಇಳಿಯಿತು.

ಅವಳ ಪೆಟ್ಟಿಗೆ ಹಾಡುತ್ತಿತ್ತು. ಬೇರೆ ಮಾತಿಲ್ಲ ಅದಕ್ಕೆ. ಚಿಗುಸಾಳ ಕೈಯಲ್ಲಿ ಅದು ನೆಲದ ಹಾಗೆ, ಸಮ, ಚೊಕ್ಕ, ಇರುವುದು ಗೊತ್ತಾಗದ ಹಾಗೆ ಇರುತ್ತಿತ್ತು. ಈಗ ಅದೇ ಪೆಟ್ಟಿಗೆಯಿಂದ ಗಂಟಲು ಕಟ್ಟಿದವರು ಸಣ್ಣಗೆ ನಗುವಂಥ ಒಂದು ಸ್ವರ ಬರುತ್ತಿತ್ತು. ದಪ್ಪ, ಒರಟು ಅಂಚು, ಒಳಗೆ ಮಾತ್ರ ಮೆತ್ತಗೆ. ಇಷ್ಟು ವರ್ಷ ತನ್ನ ಹಾಸಿಗೆಯ ಪಕ್ಕ ಮಲಗಿದ್ದದ್ದು ತನಗೊಂದು ದಿನವೂ ಹೇಳದ ಮಾತನ್ನು ಈಗ ಬಂದವಳ ಹತ್ತಿರ ಬಿಚ್ಚಿ ಹೇಳುತ್ತಿದೆ.

ಅವಳು ತಮಾಕಿಯತ್ತ ನೋಡಿದಳು. ನೋಡಬಾರದಿತ್ತು. ತಮಾಕಿ ಗೋಡೆಗೆ ಒರಗಿ ಪಲ್ಯ ತುಂಬಿದ ಬ್ರೆಡ್ ತಿನ್ನುತ್ತಿದ್ದವಳು ಅಗಿಯುವುದನ್ನೇ ನಿಲ್ಲಿಸಿದ್ದಳು. ಒಂದು ಕೆನ್ನೆ ಉಬ್ಬಿಕೊಂಡೇ ಇತ್ತು.

ಹಾಡು ಮುಗಿದ ಮೇಲೆ ನುಂಗಿ, ಚಿಗುಸಾಳ ಕಡೆ ಬಂದು, ಭುಜಕ್ಕೆ ಭುಜ ತಾಗಿಸಿ ಅಂದಳು: "ಅಲ್ಲ ಕಣೇ, ನಿನ್ನ ಡಬ್ಬದಲ್ಲಿ ಇಂಥ ಸ್ವರ ಇತ್ತಾ? ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ?"

ತಮಾಷೆಗೆ ಅಂದದ್ದು. ಚಿಗುಸಾ ನಕ್ಕಳು ಕೂಡ. ನಗುವಾಗ ಎದೆಯ ಕೆಳಗೆ ಯಾರೋ ಬಿಸಿ ಚಮಚ ಒತ್ತಿದ ಹಾಗಾಯಿತು.

ಶೋಗೆ ಇನ್ನೂ ಹೊತ್ತಿತ್ತು. ಎಲ್ಲರೂ ಎದುರು ಬೀದಿಗೆ ಯಾಕಿ-ಉದೋನ್, ಹುರಿದ ದಪ್ಪ ಶಾವಿಗೆ, ತಿನ್ನಲು ಹೊರಟರು. ತಮಾಕಿ ಮೆಟ್ಟಿಲಲ್ಲೇ ಮಾಶಿರೊಳನ್ನು ಹಿಡಿದು ಕೇಳುತ್ತಿದ್ದುದು ಕೆಳಗೆ ಕೇಳಿಸಿತು: "ನೀನು ಬೆರಳಲ್ಲೇ ನುಡಿಸೋದಾ? ಯಾರ ಹತ್ರ ಕಲಿತೆ? ಮೇ ತಿಂಗಳಲ್ಲಿ ಏನು ಮಾಡ್ತಿರ್ತೀಯ?"

"ನಂಗೆ ಹಸಿವಿಲ್ಲ, ಸಾಮಾನು ನೋಡ್ಕೋತೀನಿ" ಎಂದು ಚಿಗುಸಾ ಉಳಿದಳು. ಮಾಸ್ಟರ್ ಲೋಟ ತೊಳೆಯುತ್ತ ಬೆನ್ನು ಹಾಕಿದ್ದ. ಅವಳು ವೇದಿಕೆ ಹತ್ತಿ ಆಂಪಿನ ಮುಂದೆ ಮಂಡಿಯೂರಿದಳು.

ಗುಂಡಿಗಳೆಲ್ಲ ಮಾಶಿರೊ ಬಿಟ್ಟುಹೋದ ಹಾಗೇ ಇದ್ದವು. ಸಾಲಿನಲ್ಲಿ ಒಂದೊಂದನ್ನೂ ನೋಡುತ್ತ ಹೋದಳು. ತಾನು ಇಳಿಸುವ ಕಡೆಯೆಲ್ಲ ಅವಳು ಏರಿಸಿದ್ದಳು, ತಾನು ಏರಿಸುವ ಕಡೆ ಇಳಿಸಿದ್ದಳು. ನಡುವಿನ ಸ್ವರಗಳನ್ನು ಚಿಗುಸಾ ಯಾವತ್ತೂ ಅರ್ಧಕ್ಕಿಂತ ಮೇಲೆ ಬಿಟ್ಟಿರಲಿಲ್ಲ, ತಮಾಕಿಯ ದನಿಗೆ ಅಡ್ಡ ಬರುತ್ತದೆಂದು. ಇಲ್ಲಿ ಅದು ಮುಕ್ಕಾಲು ದಾಟಿ ನಿಂತಿತ್ತು. ಎಡತುದಿಯ ಗುಂಡಿ, ಬಂದ ಸ್ವರವನ್ನು ಎಷ್ಟು ಒಳಗೆ ಬಿಟ್ಟುಕೊಳ್ಳಬೇಕೆಂದು ಹೇಳುವುದು, ತುದಿಯವರೆಗೆ ಏರಿ ನಿಂತು ಅವಳ ಕಣ್ಣಿಗೆ ಕೊಬ್ಬಿದ ಹಾಗೆ ಕಂಡಿತು. ಪರರ ಮನೆಗೆ ಬಂದು ಪಾತ್ರೆಗಳನ್ನೆಲ್ಲ ಬೇರೆ ಗೂಡಿಗೆ ಜೋಡಿಸಿಟ್ಟು ಹೋದವರನ್ನು ನೆನೆದಂತೆ ಅವಳಿಗೆ ಸಿಟ್ಟು ಬಂತು. ಬೇಕಾದ ಹಾಗೆ ತಿರುಗಿಸಿಕೊಳ್ಳಿ ಎಂದವಳು ತಾನೇ ಎಂಬುದು ಆ ಸಿಟ್ಟಿಗೆ ಇನ್ನಷ್ಟು ಉಪ್ಪು ಹಾಕಿತು.

ಒಂದೇ ಒಂದನ್ನು ಸ್ವಲ್ಪ ತಿರುಗಿಸಿಬಿಟ್ಟರೆ? ಬೆರಳು ಅಲ್ಲಿಯವರೆಗೆ ಹೋಯಿತು. ಯಾರಿಗೂ ತಿಳಿಯದು. ಆದರೆ ಅಷ್ಟು ಧೈರ್ಯ ಅವಳ ಜಾಯಮಾನದಲ್ಲಿರಲಿಲ್ಲ. ಅಥವಾ ಆ ಸ್ವರವನ್ನು ಇನ್ನೊಮ್ಮೆ ಕೇಳಬೇಕೆಂಬ ಆಸೆಯೂ ಇತ್ತೋ ಏನೋ. ಕೈ ಹಿಂದಕ್ಕೆಳೆದುಕೊಂಡು ಲಂಗದ ಮಡಿಕೆಯಲ್ಲಿ ಒರೆಸಿಕೊಂಡಳು.

ಶೋ ಶುರುವಾಯಿತು. ಮಾಶಿರೊ ನುಡಿಸಿದಳು. ಜನ ತುಂಬಿದ ಕೋಣೆಯಲ್ಲಿ ಆ ಸ್ವರ ಇನ್ನೂ ಮೈದುಂಬಿಕೊಂಡಿತು. ಬಾಗಿಲ ಬಳಿ ನಿಂತಿದ್ದ ತಮಾಕಿಯ ಹಿಮ್ಮಡಿ ತಾಳಕ್ಕೆ ಸರಿಯಾಗಿ ಏಳುತ್ತಿತ್ತು, ಬೀಳುತ್ತಿತ್ತು. ಚಿಗುಸಾ ವೇದಿಕೆ ನೋಡಲಿಲ್ಲ. ಆ ಹಿಮ್ಮಡಿಯನ್ನೇ ನೋಡುತ್ತ ನಿಂತಳು.

ಬ್ಯಾಂಡು ಬದಲಾಗುವ ಹೊತ್ತು. ಒಬ್ಬರು ಇಳಿಯುತ್ತ ಒಬ್ಬರು ಹತ್ತುತ್ತ, ತಂತಿ ಕೀಳುತ್ತ ಚುಚ್ಚುತ್ತ ಗಡಿಬಿಡಿ. ಮಾಶಿರೊ ಬೆವರೊರೆಸಿಕೊಳ್ಳುತ್ತ, "ತುಂಬಾ ಉಪಕಾರವಾಯ್ತು, ಗುಂಡಿಗಳನ್ನ ಸೊನ್ನೆಗೆ ತರ್ಲಾ?" ಎಂದು ಕೇಳಿದಳು. ಬೇರೆಯವರ ಆಂಪ್ ಬಳಸಿದವರು ಹಾಗೆ ಮಾಡುವುದೇ ಮರ್ಯಾದೆ.

"ಬೇಡ" ಎಂದಳು ಚಿಗುಸಾ. "ನಾನು ನೋಡ್ಕೋತೀನಿ."

ನೋಡಿಕೊಂಡದ್ದು ಇಷ್ಟೇ: ಅವಳು ಏನನ್ನೂ ಮುಟ್ಟಲಿಲ್ಲ.

ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಮಾಶಿರೊಳ ಹಳೇ ಬೇಸ್‌ನಲ್ಲಿ ಬ್ಯಾಟರಿ ಇಲ್ಲ, ಅದರ ದನಿ ಸಣ್ಣದು, ಅದಕ್ಕೇ ಎಡತುದಿಯ ಗುಂಡಿ ಏರಿಸಿ ಆಂಪಿನ ಬಾಗಿಲು ಅಷ್ಟು ಅಗಲ ತೆಗೆಯಬೇಕಾಗಿತ್ತು. ಚಿಗುಸಾಳದರಲ್ಲಿ ಬ್ಯಾಟರಿ ಇದೆ. ಸ್ವರ ಹೊರಡುವಾಗಲೇ ಜೋರು. ಅಗಲ ಬಾಗಿಲಿಗೆ ಜೋರು ಸ್ವರ ನುಗ್ಗಿದರೆ ಏನಾಗುತ್ತದೆಂದು ಅವಳು ಹೊಸಬರಿಗೆ ತಾನೇ ಹೇಳಿಕೊಟ್ಟಿದ್ದಳು. ವಾಲ್ವಿನ ಆಂಪಾದರೆ ತಡೆಯಲಾಗದೆ ಗದ್ಗದಿಸುತ್ತದೆ, ಅದಕ್ಕೂ ಒಂದು ಸೊಗಸಿದೆ. ಟ್ರಾನ್ಸಿಸ್ಟರಿನದು ಹಾಗಲ್ಲ, ಮಿತಿ ಮೀರಿತೆಂದರೆ ಸ್ವರದ ತಲೆಯನ್ನು ಚಪ್ಪಟೆಯಾಗಿ ಕತ್ತರಿಸಿಬಿಡುತ್ತದೆ. ಎಲ್ಲ ಗೊತ್ತಿತ್ತು. ಬೇಸ್‌ನ ಮೈಮೇಲೇ ಇರುವ ದನಿಯ ಗುಂಡಿಯನ್ನು ಸ್ವಲ್ಪ ತಗ್ಗಿಸಿಕೊಂಡಳು. ಮೆತ್ತಗೆ ನುಡಿಸಿದರಾಯಿತು, ಅಂದುಕೊಂಡಳು.

ಮೊದಲ ಹಾಡು. ಎರಡನೆಯ ಸಾಲಿಗೆ ಬಂದಾಗ ತಮಾಕಿ ಹಾಡುತ್ತಲೇ ಹಿಂತಿರುಗಿ ನೋಡಿದಳು. ಹುಬ್ಬು ಮೇಲೇರಿ ಮುಖ ಅರಳಿತು. ಎಷ್ಟೋ ವರ್ಷಗಳಿಂದ ವೇದಿಕೆಯ ಮೇಲೆ ಅವಳು ಹೀಗೆ ತಿರುಗಿ ನೋಡಿರಲಿಲ್ಲ. ಗೋಡೆ ಇದೆಯೋ ಇಲ್ಲವೋ ಎಂದು ಯಾರು ತಿರುಗಿ ನೋಡುತ್ತಾರೆ? ಚಿಗುಸಾಳ ಎದೆ ಒಮ್ಮೆಲೇ ತುಂಬಿಬಂತು. ಮರುಗಳಿಗೆಗೇ ಖಾಲಿಯಾಯಿತು. ಆ ನಗು ತನಗೆ ಬಂದದ್ದಲ್ಲ. ಇನ್ನೊಬ್ಬಳ ಅಂಗಿ ತೊಟ್ಟು ನಿಂತವಳಿಗೆ ಆ ಇನ್ನೊಬ್ಬಳ ಹೆಸರು ಹಿಡಿದು ಕೂಗಿದ ಹಾಗಿತ್ತು.

ಎರಡನೆಯ ಹಾಡಿನಲ್ಲೂ ತಮಾಕಿ ತಿರುಗಿದಳು. ಆಗ ಚಿಗುಸಾಳಿಗೆ ತನ್ನ ಬೆರಳಿನಿಂದ ಹೊರಡುವ ಸ್ವರದ ಮೇಲೆಯೇ ಹೊಟ್ಟೆಕಿಚ್ಚಾಯಿತು. ನೋಡು, ಇದು ನಾನು, ನಾನು ಕಣೇ, ಎಂದು ಬೆರಳುಗಳು ತಂತಿಯನ್ನು ಎಳೆದೆಳೆದು ಹೊಡೆಯತೊಡಗಿದವು. ಮೆತ್ತಗೆ ನುಡಿಸಬೇಕೆಂಬ ಲೆಕ್ಕ ಎಲ್ಲಿ ಹೋಯಿತೋ. ಸ್ವರ ಮಿತಿ ಮೀರಿತೆಂದು ಹೇಳುವ ಆಂಪಿನ ಮೂಲೆಯ ಪುಟ್ಟ ಕೆಂಪು ದೀಪ ಮಿಣುಕುವುದು, ಆರುವುದು ಶುರುವಾದದ್ದನ್ನು ಅವಳು ನೋಡಲಿಲ್ಲ.

ಮೂರನೆಯದು ನಿಧಾನದ ಹಾಡು. ಅದರ ನಡುವೆ ಡ್ರಮ್ಮೂ ಗಿಟಾರೂ ನಿಂತುಬಿಡುತ್ತವೆ. ತಮಾಕಿಯ ದನಿ ಮತ್ತು ಬೇಸ್, ಎರಡೇ. ಆ ಜಾಗಕ್ಕೆ ಬಂದು ಚಿಗುಸಾ ಕೆಳತಂತಿಯನ್ನು ಎಳೆದಳು. ತಗಡಿನ ಶೀಟಿನ ಮೇಲೆ ಜಲ್ಲಿ ಸುರಿದಂಥ ಸದ್ದು. ಮುಂದಿನ ಸಾಲಿನ ಹೆಂಗಸೊಬ್ಬಳು ಕಿವಿ ಮುಚ್ಚಿಕೊಂಡಳು. ಇನ್ನೊಂದು ಸ್ವರ, ಇನ್ನೊಂದು ಲಾರಿ ಜಲ್ಲಿ. ಚಿಗುಸಾ ನುಡಿಸುವುದನ್ನು ಬಿಟ್ಟು ಆಂಪಿಗೆ ಬಾಗಿ ಎಡತುದಿಯ ಗುಂಡಿಯನ್ನು ತಿರುಗಿಸಿದಳು. ಗಾಬರಿಯಲ್ಲಿ ತೀರಾ ತಗ್ಗಿಹೋಗಿ ಸ್ವರವೇ ಇಲ್ಲವಾಯಿತು. ಆ ನಿಶ್ಶಬ್ದದಲ್ಲಿ ತಮಾಕಿ ಒಬ್ಬಳೇ, ಬೆನ್ನಿಗೆ ಯಾರೂ ಇಲ್ಲದೆ, ಸಾಲನ್ನು ಕೊನೆಯವರೆಗೆ ಹಾಡಿ ಮುಗಿಸಿದಳು. ಈ ಸಲ ತಿರುಗಿ ನೋಡಲಿಲ್ಲ.

ಸಂಜೆ ಎಲ್ಲರೂ ಮೂಲೆಯ ಹೆಂಡದಂಗಡಿಯಲ್ಲಿ ಸೇರಿದರು. ಅಲ್ಲಿ ಕುರ್ಚಿಗಳಿಲ್ಲ, ಕಟ್ಟೆಗೆ ಮೊಣಕೈ ಊರಿ ನಿಂತೇ ಕುಡಿಯುವುದು. ಅಂಗಡಿ ನಡೆಸುವ ಅಜ್ಜಿ ಆ ಊರಿನ ರೂಢಿಯಂತೆ ಅಕ್ಕಿ ತೌಡಿನಲ್ಲಿ ಬೇಯಿಸಿದ ಮೀನನ್ನು ತಟ್ಟೆಗೆ ಹಾಕಿಕೊಟ್ಟಳು. ಇಸಾಕು ಬಿಯರಿನ ನೊರೆ ಮೀಸೆಗೆ ಅಂಟಿಸಿಕೊಂಡು, "ಏನೋ ಇವತ್ತು ಯಜಮಾನ್ರಿಗೆ ಕೆಮ್ಮು ಬಂದಿತ್ತು ಕಣ್ರೀ. ಹೆಂಡ್ತಿ ಸರಿಯಾಗಿ ನೋಡ್ಕೋತಿಲ್ಲ" ಎಂದ.

"ತಮಾಷೆ ಸಾಕು ಇಸಾಕು" ಎಂದಳು ತಮಾಕಿ. ಚಿಗುಸಾಳತ್ತ ತಿರುಗಿದಳು. "ಮೂರನೇದು ಹೋಗ್ಲಿ ಬಿಡು, ಯಾರಿಗಾದ್ರೂ ಆಗತ್ತೆ. ಮೊದಲೆರಡರಲ್ಲಿ ಏನು ಮಾಡಿದ್ಯೇ? ಹಾಡ್ತಾ ಹಾಡ್ತಾ ಮೈ ಜುಮ್ ಅಂತು. ಏನು ಬದಲಾಯಿಸಿದೆ?"

ಈಗ ಹೇಳಬಹುದಿತ್ತು. ಕಟ್ಟೆಯ ಆ ತುದಿಯಲ್ಲಿ ಮಾಶಿರೊ ಮೀನಿನ ಮುಳ್ಳು ಬಿಡಿಸುತ್ತ ನಿಂತಿದ್ದಳು.

"ಏನೂ ಬದಲಾಯಿಸಲಿಲ್ಲ" ಎಂದಳು ಚಿಗುಸಾ. ಅದು ಸುಳ್ಳೂ ಅಲ್ಲ.

ತಮಾಕಿ ಅವಳನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಲೋಟ ಕೆಳಗಿಟ್ಟು, ದನಿ ತಗ್ಗಿಸಿದಳು. "ಚಿಗು, ಬೇಜಾರು ಮಾಡ್ಕೋಬೇಡ. ಮೇ ತಿಂಗಳದ್ದು... ಮಾಶಿರೊಳನ್ನ ಕೇಳಿದೀನಿ. ಆ ಹಾಡುಗಳಿಗೆ ಅಂಥ ಸ್ವರಾನೇ ಬೇಕಿತ್ತು ಅಂತ ಇವತ್ತು ಗೊತ್ತಾಯ್ತು. ಬ್ಯಾಂಡು ಬ್ಯಾಂಡೇ, ಅದು ನಿಂದು, ಯಾರೂ ಮುಟ್ಟಲ್ಲ. ಇದು ಮೂರು ದಿನದ ಮಾತು."

"ಹೂಂ."

"ಇನ್ನೊಂದು. ಕೇಳೋಕೆ ನಾಚ್ಕೆ ಆಗತ್ತೆ." ತಮಾಕಿ ನಿಜವಾಗಿಯೂ ಕತ್ತು ಕೆರೆದುಕೊಂಡಳು. "ಆ ಊರುಗಳಲ್ಲೂ ಕಾಫಿ ಅಂಗಡಿಗಳೇ. ಅವಳ ಹತ್ರ ಆಂಪ್ ಇಲ್ಲ. ನಿನ್ನದು ಕೊಡ್ತೀಯಾ?"

ಅಂಗಡಿಯ ಅಜ್ಜಿ ಕೂಡ ಕಿವಿಗೊಟ್ಟಂತಿತ್ತು. ಚಿಗುಸಾ ಎಷ್ಟು ಬೇಗ ಉತ್ತರ ಕೊಟ್ಟಳೆಂದರೆ ಅವಳಿಗೇ ಆಶ್ಚರ್ಯ. "ಖಂಡಿತ. ತಗೊಂಡ್ಹೋಗು."

"ನೋಡ್ರಪ್ಪಾ!" ಇಸಾಕು ಕಟ್ಟೆ ಬಡಿದ. "ಯಜಮಾನ್ರನ್ನೇ ಸಾಲ ಕೊಟ್ಟಳು! ಇಂಥ ದೊಡ್ಡ ಮನಸ್ಸು ಯಾರಿಗಿದೆ?"

ಮಾಶಿರೊ ಓಡಿ ಬಂದು ಹಣೆ ಕಟ್ಟೆಗೆ ತಾಗುವಂತೆ ಬಗ್ಗಿದಳು. ಎಲ್ಲರೂ ಚಿಗುಸಾಳ ಒಳ್ಳೆಯತನಕ್ಕೆ ಲೋಟ ಎತ್ತಿದರು.

ಒಳ್ಳೆಯತನವೆಲ್ಲಿ ಬಂತು. ಕೊಡುತ್ತೇನೆ ಎಂದ ಗಳಿಗೆಯಲ್ಲಿ ಅವಳ ತಲೆಯಲ್ಲಿದ್ದುದು ಒಂದೇ: ಮೂರು ಊರಲ್ಲೂ ತಮಾಕಿಯ ಬೆನ್ನ ಹಿಂದೆ ಇರುವುದು ತನ್ನ ಪೆಟ್ಟಿಗೆ. ಯಾರೇ ನುಡಿಸಲಿ, ಬೆನ್ನಿಗೆ ತಾಗುವ ಗಾಳಿ ತನ್ನ ಸ್ಪೀಕರಿನದು. ಆ ಹುಡುಗಿ ಬೆರಳಾಡಿಸಲಿ ಬೇಕಾದರೆ. ಕೈ ಇಟ್ಟು ನಿಂತಿರುವುದು ಮಾತ್ರ ತಾನೇ. ಈ ಒಂದು ಯೋಚನೆಯನ್ನು ಬೆಲ್ಲದಚ್ಚಿನ ಹಾಗೆ ಕೆನ್ನೆಯಲ್ಲಿ ಇಟ್ಟುಕೊಂಡು ಚೀಪುತ್ತ ಅವಳು ಏಪ್ರಿಲ್ ಕಳೆದಳು. ಇಬ್ಬರೂ ಅಭ್ಯಾಸ ಮಾಡಬೇಕೆಂದು ತಮಾಕಿ ಬಂದು ಆಂಪನ್ನು ಒಯ್ದ ಮೇಲೆ ಹಾಸಿಗೆಯ ಪಕ್ಕ ನೆಲದ ಚಾಪೆಯಲ್ಲಿ ನಾಲ್ಕು ಕಾಲಿನ ಗುರುತುಗಳಷ್ಟೇ ಉಳಿದವು. ಅದರ ಮೇಲೆ ಬಟ್ಟೆಬುಟ್ಟಿ ಇಟ್ಟಳು. ತೆಗೆದಳು. ಮತ್ತೆ ಇಟ್ಟಳು.

ಹೊರಡುವ ದಿನ ಬೆಳಿಗ್ಗೆ ಅವಳು ಬೀಳ್ಕೊಡಲು ಹೋದಳು. ಯಾರೂ ಕರೆದಿರಲಿಲ್ಲ. ಬೇಗ ಎದ್ದು ಸಿಹಿ ತೋಫು ಚೀಲದಲ್ಲಿ ಅನ್ನ ತುಂಬಿ ಇನಾರಿ ಮಾಡಿ, ಎರಡು ಡಬ್ಬಿಗೆ ಹಾಕಿ, ಬಟ್ಟೆಯಲ್ಲಿ ಕಟ್ಟಿಕೊಂಡಿದ್ದಳು. ಮುರಸಾಕಿ ನದಿಯ ದಂಡೆಯಲ್ಲಿ ತಮಾಕಿಯ ಮನೆ. ಎದುರು ರಸ್ತೆಯಲ್ಲಿ ಅವಳ ಪುಟ್ಟ ಕಾರು ಹಿಂಬಾಗಿಲು ತೆರೆದು ನಿಂತಿತ್ತು.

"ಅಯ್ಯೋ ಚಿಗು! ಬಂದ್ಯಾ? ನೀನು ಬರ್ತೀಯ ಅಂತ ಅಂದ್ಕೊಂಡೇ ಇರ್ಲಿಲ್ಲ!" ತಮಾಕಿಗೆ ನಿಜಕ್ಕೂ ಖುಷಿಯಾಗಿತ್ತು. ಮಾಶಿರೊ ಮುಂದಿನ ಸೀಟಿನಿಂದ ಇಳಿದು ಬಗ್ಗಿದಳು. ಅವಳ ಮಡಿಲಲ್ಲಿದ್ದ ಚಿಪ್ಸ್ ಪೊಟ್ಟಣ ಕೆಳಗೆ ಬಿತ್ತು.

"ಆಂಪ್ ಸರಿಯಾಗಿ ಕೂತಿದ್ಯಾ ನೋಡ್ತೀನಿ" ಎಂದು ಚಿಗುಸಾ ಹಿಂಬಾಗಿಲಿಗೆ ಹೋದಳು.

ಕೂತಿತ್ತು. ಹಳೇ ಕಂಬಳಿ ಹೊದ್ದು, ಗಿಟಾರಿಗೂ ಬೇಸ್‌ಗೂ ನಡುವೆ ಅಚ್ಚುಕಟ್ಟಾಗಿ. ಕಂಬಳಿಯ ಅಂಚು ಸರಿಸಿದಳು. ಪ್ರತಿ ಗುಂಡಿಯ ಸುತ್ತ ಬಿಳಿ ಕಾಗದದ ಟೇಪಿನ ಚೂರುಗಳನ್ನು ಅಂಟಿಸಿದ್ದರು. ಎಲ್ಲಿಗೆ ತಿರುಗಿಸಬೇಕೆಂದು ಒಂದು ಗೀಟು, ಗೀಟಿನ ಪಕ್ಕ ‘ಮಾ’ ಎಂಬ ಒಂದೇ ಅಕ್ಷರ. ಸಾಲುದ್ದಕ್ಕೂ ಮಾ, ಮಾ, ಮಾ. ಕತ್ತರಿಸಿದ ಚೂರುಗಳು ಒಂದೇ ಅಳತೆ. ಅಕ್ಷರ ತಮಾಕಿಯದು. ಹಾಡು ಬರೆದುಕೊಡುವಾಗ ಕಾಲೇಜಿನಿಂದ ನೋಡುತ್ತ ಬಂದ ಆ ಗುಂಡು ಗುಂಡು ಅಕ್ಷರವನ್ನು ಚಿಗುಸಾ ಎಲ್ಲಿದ್ದರೂ ಗುರುತಿಸುತ್ತಿದ್ದಳು. ತಮಾಕಿ ಈ ಪೆಟ್ಟಿಗೆಯ ಮುಂದೆ ಮಂಡಿಯೂರಿ, ನಾಲಿಗೆ ತುದಿ ಕಚ್ಚಿಕೊಂಡು, ಒಂದೊಂದನ್ನೇ ಅಂಟಿಸಿದ್ದಾಳೆ. ಚಿಗುಸಾಳ ಗುಂಡಿಗಳು ಎಲ್ಲಿ ನಿಲ್ಲುತ್ತವೆಂದು ಅವಳು ಒಂದು ದಿನವೂ ಬಗ್ಗಿ ನೋಡಿದವಳಲ್ಲ.

ಬೆಲ್ಲದಚ್ಚು ಕರಗಿ ಹೋಯಿತು. ಬೆನ್ನ ಹಿಂದೆ ಇರುವುದು ತಾನಲ್ಲ. ಪೆಟ್ಟಿಗೆ ಮಾತ್ರ.

"ಇಳಿಸು" ಎಂದಳು.

"ಆಂ?"

ಮೊದಲ ಸಲ ದನಿ ಸರಿಯಾಗಿ ಬಂದಿರಲಿಲ್ಲ. "ಆಂಪು. ಇಳಿಸು. ನಾನು ಕೊಡಲ್ಲ."

ತಮಾಕಿ ನಗಲು ಹೊರಟು ಅವಳ ಮುಖ ನೋಡಿ ನಿಲ್ಲಿಸಿದಳು. "ಇದೇನೇ ಹೊರಡೋ ಹೊತ್ತಲ್ಲಿ? ಸಂಜೆ ಶೋ ಇದೆ."

"ಗೊತ್ತು."

"ಟೇಪ್ ಅಂಟಿಸಿದ್ದಕ್ಕಾ? ಕಿತ್ರೆ ಬಂದುಬಿಡತ್ತೆ, ಗುರುತು ಉಳಿಯಲ್ಲ. ಈಗ್ಲೇ ಕಿತ್ತಾಕ್ತೀನಿ."

"ಟೇಪಿಗಲ್ಲ."

"ಮತ್ತೆ ಏನು? ಬಾಯಿ ಬಿಟ್ಟು ಹೇಳೇ ಮಾರಾಯ್ತಿ!"

ಚಿಗುಸಾ ಊಟದ ಕಟ್ಟಿನ ಗಂಟನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. "ಹೊಟ್ಟೆಯುರಿ" ಎಂದಳು. "ನಂಗೆ ಹೊಟ್ಟೆ ಉರೀತಿದೆ ತಮಾಕಿ. ಅವತ್ತು ನೀನು ತಿರುಗಿ ತಿರುಗಿ ನೋಡಿದ್ಯಲ್ಲ, ಅದು ನನ್ನದಲ್ಲ. ಮಾಶಿರೊ ಇಟ್ಟಿದ್ದ ಗುಂಡಿಗಳಲ್ಲೇ ನಾನು ನುಡಿಸಿದ್ದು. ಅದಕ್ಕೇ ಮೂರನೇ ಹಾಡು ಹಾಳಾಯ್ತು."

ಮಾಶಿರೊ ನೆಲದಿಂದ ಎತ್ತಿಕೊಂಡ ಚಿಪ್ಸ್ ಪೊಟ್ಟಣವನ್ನು ಎದೆಗವಚಿಕೊಂಡು, ಎಲ್ಲಿ ನೋಡಬೇಕೆಂದು ತಿಳಿಯದೆ ನದಿಯ ಕಡೆ ನೋಡಿದಳು.

ತಮಾಕಿ ಕಾರಿನ ಅಂಚಿಗೆ ಕೈಯೂರಿದಳು. ಅಯ್ಯೋ ಪಾಪ ಎನ್ನಬಹುದೆಂದು ಚಿಗುಸಾ ಒಳಗೊಳಗೇ ಕಾದಳು. ಅದು ಬರಲಿಲ್ಲ.

"ಹಾಗಾದ್ರೆ ನನ್ನ ಕಿವಿ ಸುಳ್ಳು ಹೇಳಿರ್ಲಿಲ್ಲ" ಎಂದಳು ತಮಾಕಿ ಕೊನೆಗೆ. "ನಂಗೆ ಬೇಕಾಗಿದ್ದು ಅದೇ. ಇವಳದೇ."

"ಹೂಂ. ಇವಳದೇ."

"ಆ ಕಡೆ ಹಿಡಿ."

ಇಬ್ಬರೂ ಸೇರಿ ಆಂಪನ್ನು ಎತ್ತಿ ಫುಟ್‌ಪಾತಿಗೆ ಇಳಿಸಿದರು. ಕಂಬಳಿಯನ್ನು ತಮಾಕಿ ವಾಪಸ್ ಎಳೆದುಕೊಂಡಳು. ಹಿಂಬಾಗಿಲನ್ನು ಬೇಕಿದ್ದಕ್ಕಿಂತ ಜೋರಾಗಿ ಹಾಕಿದಳು. ಫೋನ್ ತೆಗೆದು ಕುಮಾಮೊತೊದ ಅಂಗಡಿಯವನಿಗೆ, "ಕ್ಷಮಿಸಿ, ಅಲ್ಲಿ ಯಾರ ಹತ್ರಾನಾದ್ರೂ ಬೇಸ್ ಆಂಪ್ ಸಿಗಬಹುದಾ?" ಎಂದು ಕೇಳತೊಡಗಿದಳು. ಸಿಗುತ್ತದೆ ಎಂದಿರಬೇಕು, ತಲೆಯಾಡಿಸಿದಳು. ಸೀಟಿಗೆ ಹತ್ತಿ ಕಿಟಕಿಯ ಗಾಜು ಇಳಿಸಿದಳು.

"ಬಂದ ಮೇಲೆ ಗುರುವಾರ ಅಭ್ಯಾಸ ಇದೆ. ಬರ್ತೀಯಾ?"

"ಬರ್ತೀನಿ."

"ನಂಗೆ ಸಿಟ್ಟು ಇಳಿದಿರತ್ತೆ ಅಂತ ಹೇಳಕ್ಕಾಗಲ್ಲ."

"ನಂಗೂ" ಎಂದಳು ಚಿಗುಸಾ.

ಕಾರು ಸೇತುವೆ ದಾಟಿ ಹೋಯಿತು. ಅವಳು ಆಂಪಿನ ಮೇಲೆ ಕೂತಳು. ಉಗುರಿನಿಂದ ಟೇಪಿನ ಚೂರುಗಳನ್ನು ಕೀಳಲು ನೋಡಿದಳು. ಕೂತಲ್ಲಿಂದ ಕೈ ಎಟುಕಲಿಲ್ಲ, ಇಳಿಯಲು ಮನಸ್ಸಾಗಲಿಲ್ಲ. ಊಟದ ಕಟ್ಟು ಇನ್ನೂ ಮಡಿಲಲ್ಲೇ ಇತ್ತು. ಕೊಡುವುದು ಮರೆತೇ ಹೋಗಿತ್ತು. ಗಂಟು ಬಿಚ್ಚಿ ಒಂದು ಇನಾರಿ ಬಾಯಿಗಿಟ್ಟಳು. ನಾಯಿ ಹಿಡಿದು ಹೋಗುತ್ತಿದ್ದ ಮುದುಕನೊಬ್ಬ ಅವಳನ್ನೂ ಪೆಟ್ಟಿಗೆಯನ್ನೂ ನೋಡಿ, ಏನೋ ಕೇಳಲು ಹೋಗಿ, ಬೇಡವೆಂದು ಮುಂದೆ ನಡೆದ.

ಸಂಜೆ ಕುಮಾಮೊತೊದಲ್ಲಿ ಮಾಶಿರೊ ಯಾರದೋ ಆಂಪಿನಲ್ಲಿ ನುಡಿಸುತ್ತಾಳೆ. ಅದರಲ್ಲೂ ಅವಳದೇ ಸ್ವರ ಬರುತ್ತದೆ, ತಮಾಕಿ ಹಾಡುತ್ತ ಹಾಡುತ್ತ ತಿರುಗಿ ನೋಡುತ್ತಾಳೆ. ಇದೆಲ್ಲ ಚಿಗುಸಾಳಿಗೆ ಕಣ್ಣಿಗೆ ಕಟ್ಟಿದಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಹೊಟ್ಟೆಯುರಿ ಒಂದು ಚೂರೂ ತಗ್ಗಿರಲಿಲ್ಲ. ಆದರೂ ಇನಾರಿ ಚೆನ್ನಾಗಿ ಬಂದಿತ್ತು. ಎರಡನೆಯ ಡಬ್ಬಿಯನ್ನೂ ತೆರೆದಳು.